ವಿಮಾನದ ಅಜ್ಜ ಮತ್ತು ಬ್ರೇಕ್ ಎಂಬ ಮಾತು

ದೇರಳಕಟ್ಟೆಯಲ್ಲಿ ನರ್ಸಿಂಗ್ ಓದುವ ಮಕ್ಕಳು ಆಗಾಗ ತೊಕ್ಕೊಟ್ಟಿನ ನನ್ನ ಮನೆಗೆ ಬರುತ್ತಾರೆ. ಸೌದಿಯಲ್ಲಿ ಕೆಲಸ ಹೇಗೆ, ರಜೆ ಸಿಗುತ್ತದಾ, ಸೆಕೆ ತಡೆಯಬಹುದಾ ಎಂದು ಕೇಳುತ್ತಾರೆ. ರೋಗಿಯ ಬಗ್ಗೆ ಕೇಳಿದವರು ಇಷ್ಟರವರೆಗೆ ಒಬ್ಬರೂ ಇಲ್ಲ. ಹಾಗಾಗಿ ಕೇಳದೆಯೇ ಹೇಳುತ್ತಿದ್ದೇನೆ. ಓದಿದ ಮೇಲೆ ಯಾರಾದರೂ ವೀಸಾ ಬೇಡ ಅಂದುಕೊಂಡರೆ ಅವರ ಅಪ್ಪ ಅಮ್ಮ ನನ್ನ ಮೇಲೆ ಸಿಟ್ಟು ಮಾಡಬಾರದು.

ನಾನು ಅಬ್ದುಲ್ ರಜಾಕ್. ಮೊದಲು ಆಸ್ಪತ್ರೆಯ ವಾರ್ಡಿನಲ್ಲಿದ್ದೆ, ಆಮೇಲೆ ಕೊನೆಯವರೆಗೂ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ಎರಡಕ್ಕೂ ಅಜಗಜಾಂತರ. ವಾರ್ಡಿನಲ್ಲಿ ರೋಗಿಗಳು ಇಪ್ಪತ್ತು ಇದ್ದರೂ ಅವರು ಡಾಕ್ಟರರ ರೋಗಿಗಳು. ಮನೆಯಲ್ಲಿ ಇರುವುದು ಒಬ್ಬರು, ಅವರು ಪೂರ್ತಿ ನಿಮ್ಮವರು. ಅವರು ಬಿದ್ದರೆ ಬೀಳಿಸಿದವರು ನೀವು. ಪುಸ್ತಕದಲ್ಲಿ ಇದನ್ನು ಬರೆದಿರುವುದಿಲ್ಲ.

ನನ್ನ ಮೊದಲ ಮನೆ ಉನೈಜಾದಲ್ಲಿ, ಒಬ್ಬ ಖರ್ಜೂರದ ವ್ಯಾಪಾರಿಯ ತಂದೆ. ಸಕ್ಕರೆ ಕಾಯಿಲೆ. ನೋಡಲು ಬಂದ ನೆಂಟರೆಲ್ಲ ಪ್ರೀತಿಯಿಂದ ಬಾಯಿಗೆ ಒಂದೊಂದು ಖರ್ಜೂರ ಇಡುವವರೇ. ನಾನು ಬಾಗಿಲಲ್ಲಿ ಪೊಲೀಸನ ಹಾಗೆ ನಿಂತು ಬೇಡ ಬೇಡ ಅಂದೆ. ಇಡೀ ಕುಟುಂಬಕ್ಕೆ ನನ್ನ ಮುಖ ಕಂಡರೆ ಆಗದಂತಾಯಿತು. ಕೊನೆಗೆ ದೊಡ್ಡ ಮಗನ ಕಾಲು ಹಿಡಿದು, ಅವನ ಬಾಯಿಂದ ಹೇಳಿಸಿದೆ. ಅವನು ಹೇಳಿದ ದಿನವೇ ಖರ್ಜೂರ ನಿಂತಿತು. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಸೂಜಿ ಹಿಡಿಯಬೇಕು. ನಾನದನ್ನು ಕಲಿಯುವಷ್ಟರಲ್ಲಿ ಆ ಮುದುಕರ ಒಂದು ಕಾಲು ಹೋಗಿತ್ತು.

ಇನ್ನು ಹೇಳಬೇಕಾದದ್ದು ದಹ್ರಾನಿನ ಅಜ್ಜನ ವಿಷಯ. ಒಂದೇ ಒಂದು ಮಾತಿನಿಂದ ಆ ಅಜ್ಜನ ಸೊಂಟ ಮುರಿಯಿತು, ನನ್ನ ಜೊತೆಗಾರ ಫ್ರಾನ್ಸಿಸ್ ಜೈಲಿಗೆ ಹೋಗುವ ಹಾಗಾಯಿತು. ನಿವೃತ್ತನಾದ ಮೇಲೂ ಇದೊಂದು ನನ್ನ ತಲೆಯಿಂದ ಇಳಿದಿಲ್ಲ.

ದಹ್ರಾನಿನಲ್ಲಿ ತೈಲ ಕಂಪೆನಿಯವರ ವಸತಿಗೆ ಗೋಡೆ, ಗೇಟು, ಕಾವಲು ಎಲ್ಲ ಉಂಟು. ಹೊರಗೆ ಮರಳು, ಒಳಗೆ ಹಸಿರು ಹುಲ್ಲು. ಅಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರನ ಹೆಂಡತಿ ಮಾರ್ಗರೆಟ್ ಮೇಡಂ ಇದ್ದರು. ಊರಿನಲ್ಲಿ ತಾಯಿ ತೀರಿಕೊಂಡ ಮೇಲೆ ಅವರು ತಂದೆಯನ್ನು ಕರೆತಂದಿದ್ದರು. ತೊಂಬತ್ತು ದಾಟಿದ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ಒಬ್ಬರೇ ಕೂತು ಹಾರಿಸುವ ಯುದ್ಧವಿಮಾನದ ಪೈಲಟ್ ಆಗಿದ್ದರಂತೆ. ಈಗ ನೆನಪು ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ನಾವು ಎದುರಿಗೆ ಸರ್ ಅನ್ನುತ್ತಿದ್ದೆವು, ನಮ್ಮೊಳಗೆ ವಿಮಾನದ ಅಜ್ಜ.

ಬೆಳಿಗ್ಗೆಯ ಡ್ಯೂಟಿ ನನ್ನದು, ಮಧ್ಯಾಹ್ನ ಎರಡರಿಂದ ಫ್ರಾನ್ಸಿಸನದ್ದು. ಅವನು ಶಿರ್ವದ ಹುಡುಗ, ಎತ್ತರದ ಗಟ್ಟಿ ಆಳು. ಅವನ ಕೊಂಕಣಿ ನನಗೆ ಬಾರದು, ನನ್ನ ಬ್ಯಾರಿ ಅವನಿಗೆ ಬಾರದು, ಹಾಗಾಗಿ ನಮ್ಮೊಳಗೆ ಕನ್ನಡ. ಊರಿನಲ್ಲಿ ಹುಟ್ಟಿದ ಮಗಳನ್ನು ಅವನು ಫೋನಿನಲ್ಲಿ ಮಾತ್ರ ನೋಡಿದ್ದ. ಡಿಸೆಂಬರಿನ ರಜೆಗೆ ಕಾಯುತ್ತಿದ್ದ. ಅಜ್ಜನನ್ನು ಅವನಷ್ಟು ಹಗುರವಾಗಿ ಎತ್ತಿ ಕೂರಿಸುವವರು ನಮ್ಮನ್ನು ಮನೆಗಳಿಗೆ ಕಳಿಸುವ ಏಜೆನ್ಸಿಯಲ್ಲಿ ಇರಲಿಲ್ಲ.

ಅಜ್ಜನ ಮೊದಲ ಪಾಠ ಸೂರ್ಯನದ್ದು. ಕಿಟಕಿಯ ಕಡೆಯಿಂದ ಯಾರು ಹತ್ತಿರ ಹೋದರೂ ಅವರ ಮೈ ಸೆಟೆದು ನಿಲ್ಲುತ್ತಿತ್ತು, ರಕ್ತದೊತ್ತಡ ಏರುತ್ತಿತ್ತು. ಅವರು ಹೆಬ್ಬೆರಳೆತ್ತಿ ಸೂರ್ಯನನ್ನು ಮುಚ್ಚಿ, ಬೆರಳಿನ ಅಂಚಿನಲ್ಲಿ ಒಂದೇ ಕಣ್ಣಿನಿಂದ ನೋಡುತ್ತಿದ್ದರು. ಯಾಕೆ ಸರ್ ಅಂದರೆ, "ಅವರು ಯಾವಾಗಲೂ ಬಿಸಿಲಿನೊಳಗಿಂದಲೇ ಬರುವುದು, ಕಣ್ಣಿಗೆ ಕಾಣುವುದಿಲ್ಲ" ಅನ್ನುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ. ಬಿಸಿಲನ್ನು ಬಿಟ್ಟರೆ ಬೇರೇನೂ ಇಲ್ಲದ ದೇಶಕ್ಕೆ ಇವರನ್ನು ತಂದು ಹಾಕಿದ್ದಾರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ನಾನು ಮಂಚವನ್ನು ತಿರುಗಿಸಿ ಕಿಟಕಿಗೆ ಮುಖ ಮಾಡಿ ಇಟ್ಟೆ. ಒತ್ತಡ ಇಳಿಯಿತು. ಏಜೆನ್ಸಿಯ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಈಜಿಪ್ಟಿನವನು, ತಪಾಸಣೆಗೆ ಬಂದವನು ಅದನ್ನು ನೋಡಿ ಕೆಂಡವಾದ. ಆಕ್ಸಿಜನ್ ಸಿಲಿಂಡರ್ ಆ ಗೋಡೆಗೆ, ಮಂಚ ಈ ಗೋಡೆಗೆ, ಇದು ಯಾವ ನಿಯಮ ಅಂದ. ನಾನು ಸೂರ್ಯನ ಕಥೆ ಹೇಳಿದೆ. "ರಜಾಕ್, ಇಲ್ಲಿ ಯುದ್ಧ ಇಲ್ಲ. ಖಲಾಸ್" ಅಂದು ಮಂಚವನ್ನು ಮೊದಲಿನಂತೆ ಹಾಕಿಸಿದ. ಅವನು ಗೇಟು ದಾಟಿದ ಕೂಡಲೇ ನಾನು ಮತ್ತೆ ತಿರುಗಿಸಿದೆ. ಮೇಲಿನವರ ಜೊತೆ ವಾದ ಮಾಡಬೇಡಿ, ಅವರು ಹೋಗುವವರೆಗೆ ಕಾಯಿರಿ.

ಹತ್ತಿರದ ವಾಯುನೆಲೆಯಿಂದ ಜೆಟ್‌ಗಳು ಮನೆಯ ಮೇಲೆ ಹಾದುಹೋಗುತ್ತಿದ್ದವು. ಹೋದವು ವಾಪಸ್ ಬರುವವರೆಗೆ ಅಜ್ಜ ಊಟ ಮುಟ್ಟುತ್ತಿರಲಿಲ್ಲ. ನಾನು ಬಾಗಿಲ ಹತ್ತಿರ ಹೋಗಿ ನಿಂತ ಹಾಗೆ ಮಾಡಿ, "ಎಲ್ಲ ಬಂದವು ಸರ್" ಅನ್ನುತ್ತಿದ್ದೆ. "ನೀನೇ ಲೆಕ್ಕ ಮಾಡಿದೆಯಾ?" ಅನ್ನುತ್ತಿದ್ದರು. ಮಾಡಿದೆ ಅಂದರೆ ಸೂಪು ಕುಡಿಯುತ್ತಿದ್ದರು. ಫ್ರಾನ್ಸಿಸನಿಗೆ ಮಾತ್ರ ಈ ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ.

"ಬಾರದೆ ಇದ್ದರೆ ಎಂತ ಮಾಡುದು ರಜಾಕಾಕ? ಪಾಪ ಅಲ್ವಾ?" ಅನ್ನುತ್ತಿದ್ದ.

"ಸೂಪು ತಣ್ಣಗಾಗುವುದು ದೊಡ್ಡ ಪಾಪ ಮಾರಾಯ" ಎಂದು ನಾನು ಗದರಿಸುತ್ತಿದ್ದೆ.

ಒಳ್ಳೆಯ ದಿನಗಳಲ್ಲಿ, ಸ್ನಾನ ಮುಗಿದು ಕುರ್ಚಿಯಲ್ಲಿ ಕೂತಾಗ, ಅಜ್ಜ ಯುದ್ಧದ ಬಗ್ಗೆ ಮಾತಾಡುತ್ತಿದ್ದರು. ಶೌರ್ಯದ ಕಥೆ ಒಂದೂ ಇರಲಿಲ್ಲ. ಯುದ್ಧ ಅಂದರೆ ಹೆಚ್ಚಿನ ಪಾಲು ಕಾಯುವುದು ಅನ್ನುತ್ತಿದ್ದರು. ಹುಲ್ಲಿನ ಮೇಲೆ ಕುರ್ಚಿ ಹಾಕಿ ಕೂರುವುದು, ಪಕ್ಕದ ಶೆಡ್ಡಿನಲ್ಲಿ ಫೋನು. ಅದರ ಗಂಟೆ ಬಾರಿಸಿದರೆ ಎದ್ದು ವಿಮಾನಕ್ಕೆ ಓಡಬೇಕು. ಚಹಾ ತಡವಾಗುತ್ತದೆ ಎಂದು ಅಡುಗೆಯವರು ಫೋನು ಮಾಡಿದರೂ ಯಾರಾದರೊಬ್ಬ ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿ ಬರುತ್ತಿದ್ದ. ಯಾರೂ ಅವನ ಮುಖ ನೋಡುತ್ತಿರಲಿಲ್ಲ. ದಹ್ರಾನಿನ ಆ ಮನೆಯಲ್ಲಿ ಫೋನಿನ ಗಂಟೆ ಯಾಕೆ ಬಂದ್ ಮಾಡಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಮೇಲೆ ಹೋದರೆ ಮೈ ಮರಗಟ್ಟುವ ಚಳಿ. ಕುತ್ತಿಗೆ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ಕಾಲರಿಗೆ ಉಜ್ಜಿ ಚರ್ಮ ಕಿತ್ತು ಹೋಗುತ್ತಿತ್ತಂತೆ, ಅದಕ್ಕೆ ರೇಷ್ಮೆಯ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ಕಾದಾಟ ಕೆಲವೇ ನಿಮಿಷ. ಆಕಾಶದ ತುಂಬ ವಿಮಾನಗಳಿದ್ದದ್ದು, ಒಮ್ಮೆ ತಿರುಗಿ ನೇರವಾಗುವಷ್ಟರಲ್ಲಿ ಒಂದೂ ಇರುವುದಿಲ್ಲ. ಶತ್ರುವಿಗಿಂತ ಆ ಖಾಲಿ ಆಕಾಶಕ್ಕೆ ಹೆಚ್ಚು ಹೆದರಿದ್ದೆ ಎಂದು ಒಮ್ಮೆ ಹೇಳಿದರು.

ಹೊಸ ಹುಡುಗರು ಪೆಟ್ಟಿಗೆ ಹಿಡಿದುಕೊಂಡು ಬರುತ್ತಿದ್ದರಂತೆ. ಬಟ್ಟೆ ತೆಗೆದು ಕಪಾಟಿನಲ್ಲಿಡುವ ಮೊದಲೇ ಸತ್ತವರಿದ್ದರು. ಹಾಗಾಗಿ ಹಳಬರು ಹೆಸರು ಕೇಳುವುದನ್ನು ಬಿಟ್ಟರು. "ಹೆಸರು ಗೊತ್ತಿಲ್ಲದವನು ಸತ್ತರೆ ಊಟ ಗಂಟಲಲ್ಲಿ ಇಳಿಯುತ್ತದೆ" ಅಂದರು. ಅಂಥ ಒಬ್ಬ ಹೊಸ ಹುಡುಗ ಒಂದು ದಿನ ಅವರ ಮುಂದೆ ಹಾರುತ್ತಿದ್ದ. ಅವನ ಪಕ್ಕದಲ್ಲಿ ಅಜ್ಜನ ಕೋಣೆಯ ಗೆಳೆಯ. ಬಿಸಿಲಿನಿಂದ ಶತ್ರು ವಿಮಾನಗಳು ಹುಡುಗನ ಹಿಂದೆ ಇಳಿದದ್ದನ್ನು ಅಜ್ಜ ಕಂಡರು. ಪೈಲಟ್‌ಗಳ ಭಾಷೆಯಲ್ಲಿ ಬ್ರೇಕ್ ಅಂದರೆ ನಿಲ್ಲಿಸು ಅಂತ ಅಲ್ಲ. ಹಿಂದೆ ಬಂದಿದ್ದಾರೆ, ಇದ್ದ ಬಲವೆಲ್ಲ ಹಾಕಿ ಪಕ್ಕಕ್ಕೆ ಹೊರಳು ಅಂತ. ಮೊದಲು ಯಾರಿಗೆ ಎಂದು ಹೇಳಬೇಕು, ಆಮೇಲೆ ಬ್ರೇಕ್ ಅನ್ನಬೇಕು. ಕರೆಯಲು ಬಣ್ಣ, ಸಂಖ್ಯೆಯ ಗುರುತುಗಳಿದ್ದವು, ಆದರೆ ಗಾಬರಿಯಲ್ಲಿ ನಾಲಿಗೆ ಹುಡುಕುವುದು ಹೆಸರನ್ನೇ. ಹೆಸರು ಗೊತ್ತಿರಲಿಲ್ಲ. ಅಜ್ಜ ರೇಡಿಯೋದಲ್ಲಿ ಬರೀ ಬ್ರೇಕ್ ಎಂದು ಕಿರುಚಿದರು. ತನಗೇ ಹೇಳಿದ್ದು ಎಂದುಕೊಂಡು ಹುಡುಗನೂ ಹೊರಳಿದ, ಗೆಳೆಯನೂ ಹೊರಳಿದ. ಇಬ್ಬರ ವಿಮಾನಗಳೂ ಒಂದಕ್ಕೊಂದು ಬಡಿದವು. ಇಬ್ಬರಲ್ಲಿ ಯಾರೂ ಪ್ಯಾರಾಶೂಟ್ ಹಿಡಿದು ಹೊರಗೆ ಬರಲಿಲ್ಲ.

ಸಂಜೆ ಮೇಲಧಿಕಾರಿ, ಹೊಸ ಹುಡುಗನಿಗೆ ಅನುಭವ ಸಾಲದೆ ಹೀಗಾಯಿತು ಎಂದು ಬರೆದುಕೊಂಡ. ಅಜ್ಜ ಪಕ್ಕದಲ್ಲೇ ನಿಂತಿದ್ದರು, ತುಟಿ ಬಿಚ್ಚಲಿಲ್ಲ. ನನಗೆ ಇದನ್ನು ಹೇಳಿದ ದಿನ ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ನಾನು ಫ್ರಾನ್ಸಿಸನಿಗೂ ಈ ವಿಷಯ ಹೇಳಲಿಲ್ಲ. ರೋಗಿ ನಿಮ್ಮನ್ನು ನಂಬಿ ಹೇಳಿದ್ದು ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ಕೊಡುವ ವಿಷಯ ಅಲ್ಲ ಎಂದು ಆಗ ನನ್ನ ಲೆಕ್ಕ. ಇವತ್ತಿಗೂ ಅದು ತಪ್ಪೆಂದು ನನಗೆ ಅನಿಸಿಲ್ಲ.

ಆದರೆ ಕೆಲವು ವಾರಗಳ ನಂತರ ಆದದ್ದು ಇದು. ಡ್ಯೂಟಿ ಬದಲಾಗುವ ಹೊತ್ತಿಗೆ ಅಜ್ಜನನ್ನು ಮಂಚದಿಂದ ಗಾಲಿಕುರ್ಚಿಗೆ ಇಬ್ಬರೂ ಸೇರಿ ವರ್ಗಾಯಿಸುವುದು ಕ್ರಮ. ಫ್ರಾನ್ಸಿಸ್ ಎದುರಿನಿಂದ ತಬ್ಬಿ ಎತ್ತಿದ್ದ, ನಾನು ಹಿಂದೆ ಕುರ್ಚಿ ಹಿಡಿದಿದ್ದೆ. ಕುರ್ಚಿಯ ಒಂದು ಚಕ್ರದ ಹಿಡಿತ ಸಡಿಲವಾಗಿ ಅದು ಜಾರತೊಡಗಿತು. ಊರಿನಲ್ಲಿ ನಾವು ಗಾಡಿ ಜಾರಿದರೆ ಬ್ರೇಕ್ ಹಾಕು ಅನ್ನುತ್ತೇವೆ, ಗಾಬರಿಯಾದರೆ 'ಹಾಕು' ಬಿದ್ದುಹೋಗುತ್ತದೆ. ಫ್ರಾನ್ಸಿಸ್ ಅಜ್ಜನ ಕಿವಿಯ ಹತ್ತಿರವೇ, "ಬ್ರೇಕ್, ಬ್ರೇಕ್" ಎಂದು ಕೂಗಿದ.

ಅಜ್ಜ ಎಡಕ್ಕೆ ಹೊರಳಿದರು. ಆ ಒಣಗಿದ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ ತಿಳಿಯದು. ಫ್ರಾನ್ಸಿಸನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಬಿದ್ದರು. ಸೊಂಟದ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಸದ್ದಿಗೆ ಅಳಿಯ ಎಂಜಿನಿಯರ್ ಓಡಿಬಂದ. ಅವನು ಕಂಡದ್ದು ನೆಲದ ಮೇಲೆ ಮಾವ, ಖಾಲಿ ಕೈ ಚಾಚಿ ನಿಂತ ಫ್ರಾನ್ಸಿಸ್. ಸಂಜೆಯೊಳಗೆ ದೂರು ಹೋಯಿತು, ಪೊಲೀಸರು ಅವನ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ ಕಾರ್ಡು, ತೆಗೆದುಕೊಂಡು ಅವನನ್ನು ಠಾಣೆಗೆ ಒಯ್ದರು.

ಮಕ್ಕಳೇ, ಕೆಲಸದ ಪಾಠ ಇಷ್ಟೇ: ಎತ್ತುವಾಗ ಮೊದಲು ಹೆಸರು ಹೇಳಿ, ಆಮೇಲೆ ಏನು ಮಾಡಬೇಕೆಂದು ಹೇಳಿ. "ರಜಾಕಾಕ, ಚಕ್ರ ಹಿಡೀರಿ" ಅಂದಿದ್ದರೆ ಅಜ್ಜ ಅಲ್ಲಾಡುತ್ತಿರಲಿಲ್ಲ. ಆಮೇಲೆ ನಮ್ಮ ಏಜೆನ್ಸಿಗೆ ಎತ್ತುವ ಯಂತ್ರ ಬಂತು, ಈಗ ನೀವು ಗುಂಡಿ ಒತ್ತುತ್ತೀರಿ. ಆದರೂ ಹೆಸರು ಹೇಳಿಯೇ ಒತ್ತಿ.

ನಾನು ಮುದೀರನ ಬಳಿ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಂದು ಮಾತಿನಿಂದ ಮನುಷ್ಯ ಬೀಳುತ್ತಾನಾ ಎಂದು ಅವನು ಕೇಳಿದ. ಬೀಳುತ್ತಾನೆ ಅಂದೆ.

"ನೀವಿಬ್ಬರೂ ಒಂದೇ ಊರಿನವರು. ನಿನ್ನ ಮಾತಿಗೆ ಠಾಣೆಯಲ್ಲಿ ಬೆಲೆ ಇಲ್ಲ. ರೋಗಿ ಹೇಳಿದರೆ ಬೇರೆ ಮಾತು" ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಠಾಣೆಯಲ್ಲಿ ಫ್ರಾನ್ಸಿಸನನ್ನು ನೋಡಲು ಸ್ವಲ್ಪ ಹೊತ್ತು ಬಿಟ್ಟರು. ಗಡ್ಡ ಬಂದಿತ್ತು, ಮುಖ ಬಾಡಿತ್ತು.

"ಕೇಸ್ ಆದ್ರೆ ಮತ್ತೆ ಈ ಕಡೆ ಕಾಲಿಡ್ಲಿಕ್ಕೆ ಇಲ್ಲ ಅಲ್ವಾ ರಜಾಕಾಕ?" ಅಂದ.

"ಅದು ಬಿಡು. ಮೊದಲು ಹೊರಗೆ ಬರುವುದು ನೋಡುವ."

"ಮನೆಯಲ್ಲಿ ಹೇಳ್ಬೇಡಿ. ಫೋನ್ ಹಾಳಾಗಿದೆ ಅಂತ ಹೇಳಿ. ಅಜ್ಜನಿಗೆ ಹೇಗುಂಟು?"

ಆಪರೇಷನ್ ಆಯಿತು, ಚೆನ್ನಾಗಿದ್ದಾರೆ ಅಂದೆ. ಚೆನ್ನಾಗಿರಲಿಲ್ಲ. ಎದೆಯಲ್ಲಿ ಕಫ ಕಟ್ಟಿತ್ತು, ಜ್ವರ ಬಿಡುತ್ತಿರಲಿಲ್ಲ. ಆ ವಯಸ್ಸಿಗೆ ಸೊಂಟ ಮುರಿದವರು ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮ ಕೆಲಸದವರಿಗೆ ಯಾರೂ ಹೇಳಬೇಕಾಗಿಲ್ಲ. ಅಜ್ಜ ಬಾಯಿ ಬಿಡುವ ಮೊದಲು ಕಣ್ಣು ಮುಚ್ಚಿದರೆ ಫ್ರಾನ್ಸಿಸನ ಮೇಲಿನ ಕೇಸು ಸಾವಿನ ಕೇಸಾಗುತ್ತಿತ್ತು.

ಮಾರ್ಗರೆಟ್ ಮೇಡಂ ನ್ಯಾಯವಂತೆ. ಗಂಡ ಬೇಡ ಅಂದರೂ, ಅಪ್ಪನನ್ನು ಕೇಳಿಯೇ ಬಿಡೋಣ ಅಂದರು. ಒಂದು ಬೆಳಿಗ್ಗೆ ಆಸ್ಪತ್ರೆಗೆ ಪೊಲೀಸ್ ಅಧಿಕಾರಿಯೊಬ್ಬ ಬಂದ. ಇಂಗ್ಲಿಷನ್ನು ಅರಬ್ಬಿಗೆ ತಿರುಗಿಸಲು ಮುದೀರ್ ಜೊತೆಯಲ್ಲಿದ್ದ. ನಾನು ಗೋಡೆ ಹಿಡಿದು ನಿಂತೆ. ಅಜ್ಜ ಎಚ್ಚರವಾಗಿದ್ದರು, ಆದರೆ ಕಣ್ಣು ನಮ್ಮಲ್ಲಿ ಯಾರ ಮೇಲೂ ಇರಲಿಲ್ಲ.

"ನೀವು ಬಿದ್ದದ್ದು ಹೇಗೆ? ತಪ್ಪು ಯಾರದ್ದು?" ಎಂದು ಮುದೀರ್ ಕೇಳಿದ.

ಅಜ್ಜ ಹೆಬ್ಬೆರಳೆತ್ತಿ ಕಿಟಕಿಯ ಬಿಸಿಲನ್ನು ಮುಚ್ಚಿ ನೋಡಿದರು. ಆಮೇಲೆ, "ಬಿದ್ದರು. ಹುಡುಗನ ತಪ್ಪಿಲ್ಲ" ಅಂದರು.

"ಯಾವ ಹುಡುಗ? ಅವನ ಹೆಸರೇನು?"

"ಹೆಸರು ಗೊತ್ತಿಲ್ಲ. ಅದೇ ತಪ್ಪು. ನಾನು ಹೆಸರು ಕೇಳಿರಲಿಲ್ಲ."

ಮುದೀರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅಜ್ಜನ ದನಿ ಸ್ವಲ್ಪ ಏರಿತು.

"ಬ್ರೇಕ್ ಅಂದದ್ದು ಒಂದೇ ಮಾತು. ಹುಡುಗ ಕೇಳಿದ ಮಾತನ್ನು ಪಾಲಿಸಿದ. ಅವನಿಗೆ ಅನುಭವ ಸಾಲದು ಎಂದು ಬರೆಯಬೇಡಿ. ತಪ್ಪು ನನ್ನದು ಎಂದು ಬರೆಯಿರಿ. ಬರೆದಿರಾ?"

"ಬರೆದೆವು ಸರ್" ಅಂದ ಮುದೀರ್. ಅವನ ದನಿಯಲ್ಲಿ ಮೊದಲ ಸಲ ಮರ್ಯಾದೆ ಕೇಳಿಸಿತು. ಆ ಬ್ರೇಕ್ ಎಂಬ ಮಾತು ರೋಗಿಯ ಬಾಯಿಂದಲೇ ಬಂದದ್ದು ಅವನಿಗೆ ಸಾಕಾಗಿತ್ತು. ಅಧಿಕಾರಿ ಅರಬ್ಬಿಯಲ್ಲಿ ಬರೆದುಕೊಂಡದ್ದು ಇಷ್ಟು: ರೋಗಿ ತಾನಾಗಿಯೇ ಹೊರಳಿ ಬಿದ್ದದ್ದು, ನರ್ಸಿನ ಮೇಲೆ ಅವರಿಗೆ ದೂರಿಲ್ಲ.

ಎಲ್ಲರೂ ಹೋದ ಮೇಲೆ ಮೇಡಂ ನನ್ನನ್ನು ವರಾಂಡಕ್ಕೆ ಕರೆದರು.

"ಅಪ್ಪ ಹೇಳಿದ್ದು ಫ್ರಾನ್ಸಿಸ್ ಬಗ್ಗೆ ಅಲ್ಲ, ಅಲ್ಲವೇ?"

ಅಲ್ಲ ಎಂದೆ. ಅವರು ಕೇಳಿದರು, ನಾನು ಇದ್ದದ್ದನ್ನು ಹೇಳಿದೆ. ಮಧ್ಯದಲ್ಲಿ ಅವರು ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತುಕೊಂಡರು.

"ಅಮ್ಮನಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನ್ನನ್ನೂ. ಪ್ರೀತಿ ಇಲ್ಲ ಅಂದುಕೊಂಡೇ ನಾನು ಬೆಳೆದೆ" ಅಂದರು.

ಪೊಲೀಸರಿಗೆ ತಿಳಿಸಬೇಕಾ ಎಂದು ಕೇಳಿದೆ. ಅವರು ಕಣ್ಣೊರೆಸಿಕೊಂಡು ಎದ್ದು, ಬರೆದದ್ದು ಬರೆದ ಹಾಗೆಯೇ ಇರಲಿ ಅಂದರು. ದೂರನ್ನೂ ಅವರೇ ಗಂಡನಿಂದ ವಾಪಸ್ ತೆಗೆಸಿದರು.

ಅಜ್ಜ ಆ ವಾರ ದಾಟಲಿಲ್ಲ. ಪೆಟ್ಟಿಗೆಯಲ್ಲಿ ಇಂಗ್ಲೆಂಡಿಗೆ ಹೋದರು. ಫ್ರಾನ್ಸಿಸ್ ಡಿಸೆಂಬರಿನಲ್ಲಿ ಊರಿಗೆ ಹೋದವನು ಮತ್ತೆ ಬರಲಿಲ್ಲ, ಈಗ ಶಿರ್ವದಲ್ಲಿ ಔಷಧಿ ಅಂಗಡಿಯಲ್ಲಿದ್ದಾನೆ. ಸತ್ಯ ಹೊರಬಂದು ಇಬ್ಬರ ಮನಸ್ಸೂ ಹಗುರವಾಯಿತು ಎಂದು ಬರೆದು ಮುಗಿಸಲು ನನಗೂ ಆಸೆ ಇದೆ. ಆದರೆ ಅಜ್ಜ ತೀರಿಕೊಳ್ಳುವ ಮೊದಲು, ಫ್ರಾನ್ಸಿಸ್ ಬಿಡುಗಡೆಯಾದ ದಿನ ನಡೆದದ್ದು ಹಾಗಿರಲಿಲ್ಲ.

ಠಾಣೆಯಿಂದ ಅವನು ರೂಮಿಗೆ ಬರಲು ಒಪ್ಪಲಿಲ್ಲ. ಮೊದಲು ಅಜ್ಜನನ್ನು ನೋಡುವ ಅಂದ. ಅದೇ ಕೊಳಕು ಅಂಗಿಯಲ್ಲಿ ಆಸ್ಪತ್ರೆಗೆ ಬಂದು ಮಂಚದ ಪಕ್ಕ ನಿಂತ. ಅಜ್ಜ ಕಣ್ಣು ತೆರೆದು ಅವನನ್ನು ನೋಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನೀನು ಹೊರಗೆ ಬಂದೆಯಾ?"

"ಬಂದೆ ಸರ್. ನಿಮ್ಮಿಂದಲೇ ಬಂದದ್ದು" ಅಂದ ಫ್ರಾನ್ಸಿಸ್. ಠಾಣೆಯ ವಿಷಯ ಕೇಳುತ್ತಿದ್ದಾರೆ ಎಂದು ಅವನು ತಿಳಿದಿದ್ದ.

"ಇನ್ನೊಬ್ಬ?"

ಫ್ರಾನ್ಸಿಸ್ ನನ್ನ ಕಡೆ ಕೈ ತೋರಿಸಿದ. "ಇಲ್ಲೇ ಇದ್ದಾರೆ ಸರ್."

ಅಜ್ಜನ ಕಣ್ಣು ನನ್ನ ಮೇಲೆ ಬಂದು ನಿಂತಿತು. ಜೆಟ್‌ಗಳ ಬಗ್ಗೆ ದಿನಾ ಸುಳ್ಳು ಹೇಳಿದ ಬಾಯಿ ಇದು, ಈಗ ಆ ಸತ್ತ ಗೆಳೆಯನ ಪರವಾಗಿ ಇನ್ನೊಂದು ಹೇಳಬೇಕಾಗಿತ್ತು. ನಾನೂ ಬಂದೆ ಸರ್ ಎಂದು ಹೇಗೋ ಹೇಳಿದೆ. ಇನ್ನಾದರೂ ಈ ಜೀವಕ್ಕೆ ನೆಮ್ಮದಿ ಸಿಗಲಿ ಎಂದು ಮನಸ್ಸಿನಲ್ಲಿ ದುವಾ ಮಾಡಿದೆ.

ಅಜ್ಜ ಕಣ್ಣು ಮುಚ್ಚಿದರು. "ಒಳ್ಳೆಯದಾಯಿತು. ಹೋಗಿ ಮಲಗಿಕೊಳ್ಳಿ. ಬೆಳಕು ಹರಿಯುವ ಮೊದಲು ಎಬ್ಬಿಸುತ್ತಾರೆ, ಮತ್ತೆ ಮೇಲೆ ಹೋಗಬೇಕು" ಅಂದರು.

ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ಫ್ರಾನ್ಸಿಸ್ ನಗುತ್ತಿದ್ದ. ಬಿಡುಗಡೆಯಾದ ಸಂತೋಷ ಅವನಿಗೆ.

"ಎಂತ ರಜಾಕಾಕ, ಅಜ್ಜ ಬೆಳಗ್ಗಿನ ಡ್ಯೂಟಿ ಹಾಕಿದ್ದು ಯಾರಿಗೆ, ನಿಮಗಾ ನನಗಾ?"

"ಇಬ್ಬರಿಗೂ" ಅಂದೆ.